ಸ್ಪ್ಯಾನಿಷ್ ವ್ಯಾಪಾರ ಪತ್ರಗಳಲ್ಲಿ 'ಕ್ವೆಂತ': ಒಂದು ಪದ, ಹಲವು ಲೆಕ್ಕ

ಸ್ಪೇನ್ ಸೇರಿದಂತೆ ಇಪ್ಪತ್ತು ಸ್ವತಂತ್ರ ರಾಷ್ಟ್ರಗಳಲ್ಲಿ ಸ್ಪ್ಯಾನಿಷ್ ಆಡಳಿತ ಹಾಗೂ ವ್ಯವಹಾರದ ಭಾಷೆಯಾಗಿದೆ. ಕರ್ನಾಟಕದ ಗೆರ್ಕಿನ್ ಸೌತೆ ಸಂಸ್ಕರಣಾ ಘಟಕಗಳಿಗೆ, ಸಿದ್ಧ ಉಡುಪು ತಯಾರಕರಿಗೆ ಹಾಗೂ ಯಂತ್ರದ ಬಿಡಿಭಾಗಗಳನ್ನು ಮಾಡುವ ಸಣ್ಣ ಉದ್ಯಮಿಗಳಿಗೆ ಈ ರಾಷ್ಟ್ರಗಳು ಅಪರಿಚಿತವೇನಲ್ಲ. ಮೊದಲ ಪತ್ರ, ಮಾದರಿ, ದರಪಟ್ಟಿ ಇವೆಲ್ಲ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ವ್ಯವಹಾರ ಕುದುರಿದ ಮೇಲೆ ಬರುವ ಖರೀದಿ ಆದೇಶ, ಪಾವತಿಯ ಷರತ್ತು, ಬ್ಯಾಂಕಿನ ಸೂಚನಾಪತ್ರ, ಏಜೆನ್ಸಿ ಕರಾರು ಮುಂತಾದವು ಮಾತ್ರ ಅನೇಕ ವೇಳೆ ಸ್ಪ್ಯಾನಿಷಿನಲ್ಲಿರುತ್ತವೆ. ಕಚೇರಿಯ ಗುಮಾಸ್ತರು ಅವುಗಳನ್ನು ಗಣಕಯಂತ್ರದ ಅನುವಾದಕ್ಕೆ ಹಾಕಿ, ಇಂಗ್ಲಿಷಿಗೆ ಇಳಿಸಿಕೊಂಡು, ಮಾಲೀಕರಿಗೆ ಕನ್ನಡದಲ್ಲಿ ವಿವರಿಸುವುದು ಈಗಿನ ರೂಢಿ. ಹೀಗೆ ಎರಡು ಹೊಳೆ ದಾಟಿ ಬರುವಾಗ ಅತಿ ಹೆಚ್ಚು ಪೆಟ್ಟು ತಿನ್ನುವ ಪದಗಳಲ್ಲಿ 'ಕ್ವೆಂತ' ಎಂಬುದೂ ಒಂದು. ಇಂಗ್ಲಿಷಿನ 'ಅಕೌಂಟ್' ಪದಕ್ಕೆ ಇದು ಸಮಾನವೆಂದು ಬಹುಮಟ್ಟಿಗೆ ಹೇಳಬಹುದು. ಆ 'ಬಹುಮಟ್ಟಿಗೆ' ಎಂಬಲ್ಲಿಯೇ ಹಣ ಸೋರುತ್ತದೆ.

ಒಂದು ನಿದರ್ಶನವನ್ನು ಪರಿಶೀಲಿಸಬಹುದು. 40,000 ಯೂರೋ ಮೌಲ್ಯದ ಸರಕಿಗೆ ಬಂದ ಖರೀದಿ ಆದೇಶದ ಕೆಳಭಾಗದಲ್ಲಿ 'ಅ ಕ್ವೆಂತ: 12.000 ಯೂರೋ' ಎಂದು ಬರೆದಿದೆಯೆಂದು ಭಾವಿಸಬೇಕು. ಇಂಗ್ಲಿಷ್ ಬಲ್ಲ ಗುಮಾಸ್ತನು ಇದನ್ನು 'ಆನ್ ಅಕೌಂಟ್' ಎಂದು ಓದುತ್ತಾನೆ. ಕನ್ನಡದ ಪೇಟೆಯಲ್ಲಿಯೂ 'ಖಾತೆಗೆ ಬರೆದುಕೊಳ್ಳಿ' ಎಂದರೆ ಉದ್ರಿ ಎಂದೇ ಅರ್ಥ. ಆದುದರಿಂದ 12,000 ಯೂರೋ ಉದ್ರಿ, ಉಳಿದ 28,000 ಯೂರೋ ಸರಕು ರವಾನೆಗೆ ಮೊದಲೇ ರೋಖ ಎಂದು ಮಾಲೀಕರು ತಿಳಿಯುತ್ತಾರೆ. ಆದರೆ ಸ್ಪ್ಯಾನಿಷಿನಲ್ಲಿ 'ಅ ಕ್ವೆಂತ' ಎಂದರೆ ಒಟ್ಟು ಬಾಕಿಯ ಪೈಕಿ ಭಾಗಶಃ ಸಲ್ಲಿಸುವ ಹಣ, ಅಂದರೆ ಮುಂಗಡ. ಖರೀದಿದಾರನು ಈಗ ಕಳುಹಿಸುವುದು 12,000 ಮಾತ್ರ. 28,000 ನಂತರದ ಮಾತು. ಲೆಕ್ಕ ತಲೆಕೆಳಗಾಯಿತು. 28,000 ಬರುವುದೆಂದು ನಂಬಿ ಕಚ್ಚಾ ಮಾಲಿನವರಿಗೆ ದಿನಾಂಕ ಕೊಟ್ಟ ಸಣ್ಣ ತಯಾರಕನು ಕೊರತೆಯನ್ನು ಬ್ಯಾಂಕಿನ ಸಾಲದಿಂದ ತುಂಬಿಕೊಳ್ಳಬೇಕಾಗುತ್ತದೆ, ಮತ್ತು ಅದರ ಬಡ್ಡಿ ದರಪಟ್ಟಿಯಲ್ಲಿ ಎಲ್ಲಿಯೂ ಸೇರಿರುವುದಿಲ್ಲ.

ಅದೇ ಸಾಲಿನ ಅಂಕಿಯನ್ನೂ ಗಮನಿಸತಕ್ಕದ್ದು. ಸ್ಪೇನ್, ಅರ್ಜೆಂಟೀನಾ ಮುಂತಾದ ಕಡೆ ಸಾವಿರದ ಸ್ಥಾನಕ್ಕೆ ಚುಕ್ಕಿಯನ್ನೂ ದಶಾಂಶಕ್ಕೆ ಅಲ್ಪವಿರಾಮವನ್ನೂ ಬಳಸುವ ರೂಢಿಯಿದೆ. ಮೆಕ್ಸಿಕೋದಲ್ಲಿ ಇದು ಭಾರತದಂತೆಯೇ ಇರುತ್ತದೆ. ಹಾಗೆಯೇ ಸ್ಪ್ಯಾನಿಷಿನ 'ಬಿಲ್ಯೋನ್' ಇಂಗ್ಲಿಷಿನ ಬಿಲಿಯನ್ ಅಲ್ಲ. ಅದು ಸರಿಯಾಗಿ ಒಂದು ಲಕ್ಷ ಕೋಟಿ. ಇಂಗ್ಲಿಷಿನ ಬಿಲಿಯನ್ ಕೇವಲ ನೂರು ಕೋಟಿ. ಕೊಲಂಬಿಯಾದ ಪೆಸೊ ಲೆಕ್ಕಗಳನ್ನು ಓದುವವರಿಗೆ ಈ ವ್ಯತ್ಯಾಸ ಪದೇ ಪದೇ ಎದುರಾಗುತ್ತದೆ.

ಪದದ ಮೂಲ

'ಕ್ವೆಂತ' ಪದವು 'ಕೊಂತಾರ್' ಎಂಬ ಕ್ರಿಯಾಪದದಿಂದ ಬಂದಿದೆ. ಅದರ ಮೂಲ ಲ್ಯಾಟಿನ್ನಿನ 'ಕೊಂಪುತಾರೆ'. ಇಂಗ್ಲಿಷಿನ 'ಕೌಂಟ್', 'ಅಕೌಂಟ್', 'ಕಂಪ್ಯೂಟರ್' ಪದಗಳಿಗೂ ಅದೇ ಮೂಲ. 'ಕೊಂತಾರ್' ಎಂದರೆ ಎಣಿಸುವುದು, ಮತ್ತು ಕಥೆ ಹೇಳುವುದು ಕೂಡ. ಆದುದರಿಂದ 'ಕ್ವೆಂತ' ಎಂದರೆ ಲೆಕ್ಕ, 'ಕ್ವೆಂತೊ' ಎಂದರೆ ಕಥೆ. ಕೊನೆಯ ಒಂದು ಸ್ವರದಲ್ಲಿ ಲೆಕ್ಕವು ಕಟ್ಟುಕಥೆಯಾಗುವುದನ್ನು ಕಂಡು ಲೆಕ್ಕಪರಿಶೋಧಕರು ನಕ್ಕರೆ ಆಶ್ಚರ್ಯವಿಲ್ಲ. ಕನ್ನಡದ 'ಎಣಿಸು' ಎಂಬುದೂ ಹಣ ಎಣಿಸುವುದಕ್ಕೆ ಮತ್ತು ಮನಸ್ಸಿನಲ್ಲಿ ಭಾವಿಸುವುದಕ್ಕೆ ಎರಡಕ್ಕೂ ಸಲ್ಲುತ್ತದೆ. ಭಾಷೆಗಳು ದೂರವಿದ್ದರೂ ಮನುಷ್ಯನ ಬುದ್ಧಿ ಓಡುವ ದಾರಿ ಒಂದೇ ಎಂದು ತೋರುತ್ತದೆ.

ಉಚ್ಚಾರಣೆಯಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ಸ್ಪ್ಯಾನಿಷಿನ ತಕಾರ, ದಕಾರಗಳು ಕನ್ನಡದ ತ, ದಗಳಂತೆ ಹಲ್ಲಿಗೆ ತಾಗಿ ಹುಟ್ಟುವ ಧ್ವನಿಗಳು. ಇಂಗ್ಲಿಷರು 'ಕ್ವೆಂಟ' ಎಂದು ಎಡವುವಲ್ಲಿ ಕನ್ನಡಿಗರು ಸಲೀಸಾಗಿ ದಾಟಬಲ್ಲರು.

ಜಪಮಾಲೆಯ ಮಣಿಗೂ ಸ್ಪ್ಯಾನಿಷಿನಲ್ಲಿ 'ಕ್ವೆಂತ' ಎಂದೇ ಹೆಸರು. ಪ್ರಾರ್ಥನೆಗಳನ್ನು ಎಣಿಸುವ ಸಾಧನವಾದುದರಿಂದ ಆ ಹೆಸರು ಬಂದಿದೆ. ಅಲ್ಲಿಂದ ಅದು ಹಾರದ ಯಾವುದೇ ಮಣಿಗೂ ವ್ಯಾಪಿಸಿತು. ಸುಂಕದ ಪಟ್ಟಿಯ 7018ನೇ ಶೀರ್ಷಿಕೆಯ ಸ್ಪ್ಯಾನಿಷ್ ಪಾಠದಲ್ಲಿ ಗಾಜಿನ ಮಣಿಗಳನ್ನು 'ಕ್ವೆಂತಾಸ್ ದೆ ವಿದ್ರಿಯೊ' ಎಂದು ಕರೆಯಲಾಗಿದೆ. ಚನ್ನಪಟ್ಟಣದ ಅರಗುಬಣ್ಣದ ಮರದ ಮಣಿಗಳು ಸ್ಪ್ಯಾನಿಷ್ ದಾಖಲೆಯಲ್ಲಿ 'ಕ್ವೆಂತಾಸ್ ದೆ ಮಾದೇರಾ' ಆಗುತ್ತವೆ. ಇದನ್ನು ಯಾರಾದರೂ 'ಮರದ ಲೆಕ್ಕಪತ್ರಗಳು' ಎಂದು ಅನುವಾದಿಸಿ ಸರಕುಪಟ್ಟಿಗೆ ಹಾಕಿದರೆ ಸುಂಕದ ಅಧಿಕಾರಿಗೆ ಗೊಂದಲವಾಗುವುದು ಸಹಜ.

ಇಂಗ್ಲಿಷಿಗಿಂತ ಕನ್ನಡವೇ ಹತ್ತಿರ

ಸಾಮಾನ್ಯ ಬಳಕೆಯ ನುಡಿಗಟ್ಟುಗಳಲ್ಲಿ ಇಂಗ್ಲಿಷಿನ 'ಅಕೌಂಟ್' ಗಿಂತ ಕನ್ನಡದ 'ಲೆಕ್ಕ' ಪದವೇ 'ಕ್ವೆಂತ'ಕ್ಕೆ ಹೆಚ್ಚು ಸಮೀಪವಾಗಿದೆ. 'ತೆನೇರ್ ಎನ್ ಕ್ವೆಂತ' ಎಂದರೆ ಲೆಕ್ಕಕ್ಕೆ ತೆಗೆದುಕೊಳ್ಳುವುದು. 'ಪೆದಿರ್ ಕ್ವೆಂತಾಸ್' ಎಂದರೆ ಲೆಕ್ಕ ಕೇಳುವುದು, 'ರೆಂದಿರ್ ಕ್ವೆಂತಾಸ್' ಎಂದರೆ ಲೆಕ್ಕ ಒಪ್ಪಿಸುವುದು. 'ಅಹುಸ್ತಾರ್ ಕ್ವೆಂತಾಸ್' ಎಂದರೆ ಲೆಕ್ಕ ಚುಕ್ತಾ ಮಾಡುವುದು. ಕನ್ನಡದಲ್ಲಿರುವಂತೆಯೇ ಅದರಲ್ಲಿ ಸೇಡಿನ ಧ್ವನಿಯೂ ಇದೆಯಾದುದರಿಂದ, ಬಾಕಿ ವಸೂಲಿಯ ಪತ್ರದಲ್ಲಿ ಅದನ್ನು ಬಳಸದಿರುವುದೇ ಮೇಲು. ಹೋಟೆಲಿನಲ್ಲಿ 'ಈ ಸಲ ನನ್ನ ಲೆಕ್ಕ' ಎನ್ನುವಂತೆ ಸ್ಪೇನಿನವನು 'ಕೋರ್ರೆ ಪೋರ್ ಮಿ ಕ್ವೆಂತ' ಎನ್ನುತ್ತಾನೆ.

'ದಾರ್' ಎಂಬ ಕ್ರಿಯಾಪದದೊಡನೆ ಬರುವ ಎರಡು ರೂಪಗಳನ್ನು ಮಾತ್ರ ಬಿಡಿಸಿ ನೋಡಬೇಕು. 'ದಾರ್ ಕ್ವೆಂತ' ಎಂದರೆ ವರದಿ ಮಾಡುವುದು. 'ದಾರ್ಸೆ ಕ್ವೆಂತ' ಎಂದರೆ ಅರಿವಿಗೆ ಬರುವುದು, ಗಮನಕ್ಕೆ ಬರುವುದು. ಖರೀದಿದಾರನು 'ದಿಮೋಸ್ ಕ್ವೆಂತ' ಎಂದು ಬರೆದರೆ ದೋಷವನ್ನು, ವಿಮಾ ಕಂಪನಿಗೋ ಮತ್ತಾರಿಗೋ, ವರದಿ ಮಾಡಿದ್ದಾನೆ. 'ನೋಸ್ ದಿಮೋಸ್ ಕ್ವೆಂತ' ಎಂದು ಬರೆದರೆ ಆ ದಿನ ದೋಷ ಅವನ ಗಮನಕ್ಕೆ ಬಂದಿದೆ. 'ನೋಸ್' ಎಂಬ ಸಣ್ಣ ಪದದ ಬೆಲೆ ದೊಡ್ಡದು. ಸರಕುಗಳ ಅಂತಾರಾಷ್ಟ್ರೀಯ ಮಾರಾಟದ ವಿಶ್ವಸಂಸ್ಥೆ ಒಡಂಬಡಿಕೆಗೆ ಸ್ಪೇನ್ ಒಳಪಟ್ಟಿದ್ದು, ಅಲ್ಲಿ ಅದು 1991ರಿಂದ ಜಾರಿಯಲ್ಲಿದೆ. ಭಾರತವು ಅದಕ್ಕೆ ಸೇರಿಲ್ಲ. ಆದರೂ ಕರಾರಿನಲ್ಲಿ ಸ್ಪೇನಿನ ಕಾನೂನನ್ನು ಒಪ್ಪಿಕೊಂಡಿದ್ದರೆ, ಒಡಂಬಡಿಕೆಯನ್ನು ಸ್ಪಷ್ಟವಾಗಿ ಹೊರಗಿಡದ ಹೊರತು, ಅದು ಅನ್ವಯವಾಗುವ ಸಂಭವ ಹೆಚ್ಚು. ಅದರ ಪ್ರಕಾರ ದೋಷವನ್ನು ಕಂಡ ಅಥವಾ ಕಾಣಬೇಕಾಗಿದ್ದ ದಿನದಿಂದ ಸಮಂಜಸವಾದ ಅವಧಿಯೊಳಗೆ ಖರೀದಿದಾರನು ತಕರಾರು ತಿಳಿಸಬೇಕು. ಸರಕು ಕೈಸೇರಿದ ದಿನದಿಂದ ಎರಡು ವರ್ಷ ಅದರ ಹೊರ ಎಲ್ಲೆ. ಆದುದರಿಂದ 'ನೋಸ್ ದಿಮೋಸ್ ಕ್ವೆಂತ' ಎಂಬ ವಾಕ್ಯವಿರುವ ಪತ್ರವನ್ನು, ಅದರಲ್ಲಿ ನಮೂದಿಸಿದ ದಿನಾಂಕದೊಡನೆ, ಕಡತದಲ್ಲಿ ಜೋಪಾನವಾಗಿ ಇಡತಕ್ಕದ್ದು.

ವೆಚ್ಚ ಯಾರದು?

ವರ್ತಕರ ದೃಷ್ಟಿಯಿಂದ ಎಲ್ಲಕ್ಕಿಂತ ಮಹತ್ವದ್ದು 'ಪೋರ್ ಕ್ವೆಂತ ದೆ' ಎಂಬ ಪ್ರಯೋಗ. ಇದರ ಮೊದಲ ಅರ್ಥ, ಇಂಥವರ ವೆಚ್ಚದಲ್ಲಿ. 'ಪೋರ್ ಕ್ವೆಂತ ದೆಲ್ ಕೊಂಪ್ರಾದೋರ್' ಎಂದರೆ ಖರೀದಿದಾರನ ಖರ್ಚಿನಲ್ಲಿ, 'ಪೋರ್ ಕ್ವೆಂತ ದೆಲ್ ವೆಂದೆದೋರ್' ಎಂದರೆ ಮಾರುವವನ ಖರ್ಚಿನಲ್ಲಿ. 'ಪೋರ್ ಕ್ವೆಂತ ಇ ರಿಯೆಸ್ಗೊ' ಎಂದು ಸೇರಿಸಿದರೆ ಖರ್ಚಿನ ಜೊತೆಗೆ ಸರಕಿನ ಅಪಾಯದ ಹೊಣೆಯೂ ಅವರದೇ ಆಗುತ್ತದೆ.

ಇಂಗ್ಲಿಷ್ ಬಲ್ಲವರು ಎಡವುವುದು ಇಲ್ಲಿ. ಇಂಗ್ಲಿಷಿನಲ್ಲಿ 'ಆನ್ ಅಕೌಂಟ್ ಆಫ್' ಎಂದರೆ 'ಕಾರಣದಿಂದ' ಎಂದು ರೂಢಿಯ ಅರ್ಥ. ಸ್ಪ್ಯಾನಿಷಿನ ವ್ಯಾಪಾರ ಬರಹದಲ್ಲಿ 'ಪೋರ್ ಕ್ವೆಂತ ದೆ' ಆ ಅರ್ಥವನ್ನು ಕೊಡುವುದಿಲ್ಲ. ಕಾರಣವನ್ನು ಸೂಚಿಸಲು 'ದೆಬಿದೊ ಅ' ಅಥವಾ 'ಅ ಕಾವುಸಾ ದೆ' ಎಂದು ಬರೆಯುತ್ತಾರೆ. ತಪಾಸಣೆಯ ವೆಚ್ಚ 'ಪೋರ್ ಕ್ವೆಂತ ದೆ ಉಸ್ತೇದೆಸ್' ಎಂದು ಖರೀದಿದಾರ ಬರೆದಾಗ, ಇಂಗ್ಲಿಷಿನ ಮೂಲಕ ಓದಿದವನಿಗೆ ಅದು 'ನಿಮ್ಮಿಂದಾಗಿ ತಪಾಸಣೆಯ ವೆಚ್ಚ ತಗಲಿತು' ಎಂಬ ದೂರಿನಂತೆ ಕಾಣುತ್ತದೆ. ಅವನು ವಿನಯದಿಂದ ವಿಷಾದ ವ್ಯಕ್ತಪಡಿಸಿ ಉತ್ತರ ಬರೆಯುತ್ತಾನೆ. ವಾಸ್ತವದಲ್ಲಿ ಅದು ದೂರಲ್ಲ, ದರದ ಷರತ್ತು: ತಪಾಸಣೆಯ ವೆಚ್ಚವನ್ನು ನೀವು ಭರಿಸತಕ್ಕದ್ದು. ಷರತ್ತಿಗೆ ಆಕ್ಷೇಪವೆತ್ತದೆ ವಿಷಾದ ಸೂಚಿಸಿದ ಪತ್ರವನ್ನು ಎದುರು ಪಕ್ಷದವರು ಒಪ್ಪಿಗೆಯೆಂದೇ ತಿಳಿಯುತ್ತಾರೆ.

ತಿರುಗು ದಿಕ್ಕಿನಲ್ಲಿಯೂ ಇದೇ ತೊಂದರೆ. 'ಲಾರಿ ಸಾಗಣೆದಾರರ ಮುಷ್ಕರದ ಕಾರಣ ಗೋದಾಮಿನ ಬಾಡಿಗೆ ಹೆಚ್ಚಾಯಿತು' ಎಂಬುದನ್ನು ಇಂಗ್ಲಿಷಿನ 'ಆನ್ ಅಕೌಂಟ್ ಆಫ್' ಹಾಕಿ ಬರೆದು, ಅದನ್ನು ಯಾರಾದರೂ ಪದಕ್ಕೆ ಪದ ಸ್ಪ್ಯಾನಿಷಿಗೆ ಇಳಿಸಿದರೆ, ಬಾಡಿಗೆಯನ್ನು ಸಾಗಣೆದಾರರೇ ಭರಿಸುತ್ತಾರೆ ಎಂಬರ್ಥ ಬರಬಹುದು. ಸ್ಪ್ಯಾನಿಷ್ ಗಿರಾಕಿಗೆ ಹೋಗುವ ಇಂಗ್ಲಿಷ್ ಪತ್ರಗಳಲ್ಲಿ ಈ ಪದಗುಚ್ಛವನ್ನೇ ಕೈಬಿಟ್ಟು 'ಬಿಕಾಸ್ ಆಫ್' ಎಂದು ಬರೆಯುವುದು ಸರಳ ಪರಿಹಾರ.

ಸಮುದ್ರ ಸಾಗಣೆ ಮತ್ತು ವಿಮೆಯ ಹೊಣೆಯನ್ನು ಇನ್‌ಕೋಟರ್ಮ್ಸ್ ನಿಯಮಗಳೇ ನಿರ್ಧರಿಸುವುದರಿಂದ ಅಲ್ಲಿ ಗೊಂದಲ ಕಡಿಮೆ. ಆ ನಿಯಮಗಳ ಹೊರಗೆ ಉಳಿಯುವ ಪ್ರಯೋಗಾಲಯ ಪರೀಕ್ಷೆ, ಚೀಟಿ ಮುದ್ರಣ, ಮಾದರಿಗಳ ಕೊರಿಯರ್, ಬ್ಯಾಂಕ್ ಶುಲ್ಕ ಮುಂತಾದ ಚಿಲ್ಲರೆ ಬಾಬತ್ತುಗಳಲ್ಲಿಯೇ 'ಪೋರ್ ಕ್ವೆಂತ ದೆ' ಬಂದು ಕೂರುತ್ತದೆ, ಮತ್ತು ಸಣ್ಣ ರವಾನೆಗಳಲ್ಲಿ ಲಾಭಾಂಶ ತಿನ್ನುವುದು ಈ ಚಿಲ್ಲರೆಯೇ. ಸಾಖಪತ್ರದ ವ್ಯವಹಾರದಲ್ಲಿ ಇದರ ಇಂಗ್ಲಿಷ್ ರೂಪವೂ ಬಳಕೆಯಲ್ಲಿದೆ: ಸ್ಪೇನಿನ ಹೊರಗಿನ ಎಲ್ಲ ಬ್ಯಾಂಕ್ ಶುಲ್ಕಗಳು 'ಫಾರ್ ಅಕೌಂಟ್ ಆಫ್ ಬೆನಿಫಿಷಿಯರಿ' ಎಂದು ಶುಲ್ಕದ ಅಂಕಣದಲ್ಲಿ ನಮೂದಾಗುತ್ತದೆ. ಇದು 'ಪೋರ್ ಕ್ವೆಂತ ದೆಲ್ ಬೆನೆಫಿಸಿಯಾರಿಯೊ' ಎಂಬುದರ ನೇರ ಅನುವಾದ. 'ಬೆನಿಫಿಷಿಯರಿ' ಎಂದರೆ ಹಣ ಪಡೆಯುವ ರಫ್ತುದಾರ. ಹಣ ಬರುವವನ ಹೆಸರಿದೆ ಎಂದು ಸಂತೋಷಪಡುವ ಸಾಲಲ್ಲ ಅದು. ಶುಲ್ಕ ಅವನ ತಲೆಯ ಮೇಲೆ ಎಂದರ್ಥ.

'ಪೋರ್ ಕ್ವೆಂತ' ಎಂಬುದಕ್ಕೆ ಇನ್ನೊಂದು ಅರ್ಥವೂ ಇದೆ: ಇಂಥವರ ಪರವಾಗಿ. 'ಪೋರ್ ಕ್ವೆಂತ ಪ್ರೋಪಿಯಾ' ದುಡಿಯುವವನು ಸ್ವಯಂ ಉದ್ಯೋಗಿ, 'ಪೋರ್ ಕ್ವೆಂತ ಅಹೇನಾ' ದುಡಿಯುವವನು ನೌಕರ. ಸ್ಪೇನಿನಲ್ಲಿ ಏಜೆಂಟರನ್ನು ನೇಮಿಸಿಕೊಳ್ಳುವವರಿಗೆ ಈ ಅರ್ಥ ತಿಳಿದಿರಲೇಬೇಕು. ಅಲ್ಲಿನ 1992ರ 12ನೇ ಏಜೆನ್ಸಿ ಕಾಯಿದೆಯು ಎರಡು ಬಗೆಯ ಏಜೆಂಟರನ್ನು ಗುರುತಿಸುತ್ತದೆ. ಒಬ್ಬನು ಇನ್ನೊಬ್ಬರ ಪರವಾಗಿ ವ್ಯವಹಾರವನ್ನು ಕುದುರಿಸುತ್ತಾನೆ, ಅಷ್ಟೇ. ಮತ್ತೊಬ್ಬನು 'ಪೋರ್ ಕ್ವೆಂತ ಇ ಎನ್ ನೋಂಬ್ರೆ', ಅಂದರೆ ಇನ್ನೊಬ್ಬರ ಪರವಾಗಿ ಹಾಗೂ ಅವರ ಹೆಸರಿನಲ್ಲಿ, ಕರಾರನ್ನು ಮುಗಿಸಿಯೇ ಬಿಡುತ್ತಾನೆ. 'ಎನ್ ನೋಂಬ್ರೆ' ಎಂಬ ಎರಡು ಪದಗಳು ಕರಾರಿನಲ್ಲಿದ್ದರೆ, ಮ್ಯಾಡ್ರಿಡ್‌ನಲ್ಲಿ ಕುಳಿತ ಏಜೆಂಟನು ಒಪ್ಪಿದ ದರ ಮತ್ತು ದಿನಾಂಕ ಇಲ್ಲಿನ ತಯಾರಕನನ್ನು ಕಟ್ಟಿಹಾಕುತ್ತವೆ.

ಏಜೆನ್ಸಿಯನ್ನು ಕೊನೆಗೊಳಿಸುವಾಗ ಹೊಸ ಗಿರಾಕಿಗಳನ್ನು ತಂದುಕೊಟ್ಟ ಏಜೆಂಟನು, ಕೆಲವು ಷರತ್ತುಗಳಿಗೆ ಒಳಪಟ್ಟು, ಅದೇ ಕಾಯಿದೆಯ 28ನೇ ವಿಧಿಯನ್ವಯ ಪರಿಹಾರ ಕೇಳಬಹುದು. ಕಳೆದ ಐದು ವರ್ಷಗಳಲ್ಲಿ ಅವನು ಪಡೆದ ವಾರ್ಷಿಕ ಪ್ರತಿಫಲದ ಸರಾಸರಿ ಅದರ ಗರಿಷ್ಠ ಮಿತಿ. ತನ್ನ ಸ್ವಂತ ಹಣದಿಂದ ಸರಕು ಕೊಂಡು ಮಾರುವ ವಿತರಕನು ಏಜೆಂಟನಲ್ಲ. ಅವನ ಕರಾರಿನಲ್ಲಿ 'ಎನ್ ನೋಂಬ್ರೆ ಇ ಪೋರ್ ಕ್ವೆಂತ ಪ್ರೋಪಿಯಾ' ಎಂದಿರಬೇಕು. ಯಾರನ್ನು ಏನೆಂದು ನೇಮಿಸಲಾಗುತ್ತಿದೆ ಎಂಬುದನ್ನು ಸಹಿಗೆ ಮೊದಲೇ ಸ್ಪ್ಯಾನಿಷ್ ಬಲ್ಲ ವಕೀಲರಿಂದ ಓದಿಸುವುದಕ್ಕೆ ತಗಲುವ ಶುಲ್ಕ, ನಂತರ ತೆರಬೇಕಾದ ಪರಿಹಾರದ ಮುಂದೆ ಅಲ್ಪವೇ ಸರಿ.

ಮುಂಗಡ, ರೋಖ, ಕಡಿತ

'ಅ ಕ್ವೆಂತ'ದ ವಿಷಯಕ್ಕೆ ಮರಳಿದರೆ, ಸ್ಪೇನಿನ ಲೆಕ್ಕಪದ್ಧತಿಯೇ ಇದನ್ನು ಸ್ಪಷ್ಟಪಡಿಸುತ್ತದೆ. 2007ರಲ್ಲಿ ಹೊರಡಿಸಿ 2008ರ ಜನವರಿ 1ರಿಂದ ಜಾರಿಗೆ ತಂದ ಅಲ್ಲಿನ ಸಾಮಾನ್ಯ ಲೆಕ್ಕ ಯೋಜನೆಯಲ್ಲಿ ಪ್ರತಿ ಖಾತೆಗೂ ಸಂಖ್ಯೆಯಿದೆ. ಗಿರಾಕಿಗಳಿಗೆ 430, ಸರಬರಾಜುದಾರರಿಗೆ 400. ಸರಬರಾಜುದಾರನಿಗೆ ಮೊದಲೇ ಕೊಟ್ಟ ಹಣ 407ರಲ್ಲಿ, ಗಿರಾಕಿಯಿಂದ ಮೊದಲೇ ಬಂದ ಹಣ 438ರಲ್ಲಿ ನಮೂದಾಗುತ್ತದೆ. ಸ್ಪೇನಿನ ಖರೀದಿದಾರನು ಸರಕಿಗೆ ಮುನ್ನ 'ಅ ಕ್ವೆಂತ' ಕಳುಹಿಸಿದ ಹಣ ಅವನ ಪುಸ್ತಕದಲ್ಲಿ 407ರಲ್ಲಿ ಕುಳಿತಿರುತ್ತದೆ. ಬಾಕಿ ಪತ್ರ ತರಿಸಿದಾಗ ಇದನ್ನು ತಾಳೆ ನೋಡಬಹುದು. ಇಲ್ಲಿನ ಪುಸ್ತಕದಲ್ಲಿ ಅದನ್ನು ಮಾರಾಟವೆಂದು ಬರೆಯದೆ ಮುಂಗಡವೆಂದೇ ಜಮಾ ಮಾಡತಕ್ಕದ್ದು. ರಫ್ತಿನ ಮುಂಗಡಕ್ಕೆ ಸರಕು ರವಾನಿಸಬೇಕಾದ ಕಾಲಮಿತಿಯನ್ನು ವಿದೇಶಿ ವಿನಿಮಯ ನಿಯಮಗಳು ವಿಧಿಸುವುದರಿಂದ ಬ್ಯಾಂಕಿಗೂ ಅದು ಮುಂಗಡವೆಂದೇ ತಿಳಿದಿರಬೇಕು.

ಉದ್ರಿಗೆ ಸ್ಪ್ಯಾನಿಷಿನಲ್ಲಿ 'ಅ ಕ್ರೇದಿತೊ' ಎನ್ನುತ್ತಾರೆ. ರೋಖಕ್ಕೆ 'ಅಲ್ ಕೊಂತಾದೊ', ಅಂದರೆ ಎಣಿಸಿ ಕೊಟ್ಟದ್ದು. ಆದರೆ ಇದು ನೋಟಿನ ಕಂತೆಯೆಂದೇ ಆಗಬೇಕಿಲ್ಲ. ಅವಧಿ ಕೇಳದೆ ಕೂಡಲೇ ಪೂರ್ಣ ಪಾವತಿ ಎಂದು ಮಾತ್ರ. ಬ್ಯಾಂಕಿನ ಮೂಲಕ ಬಂದರೂ ಅದು 'ಅಲ್ ಕೊಂತಾದೊ' ಆಗಬಹುದು. ನಗದು ನೋಟಿಗೆ ಇರುವ ಪದ 'ಎಫೆಕ್ತಿವೊ'.

ಸೇವೆಗಳನ್ನು ರಫ್ತು ಮಾಡುವವರು 'ರೆತೆನ್ಸಿಯೋನ್ ಅ ಕ್ವೆಂತ' ಎಂಬ ಸಾಲನ್ನು ಕಾಣಬಹುದು. ಇದು ಭಾರತದ ಟಿಡಿಎಸ್‌ನಂತೆ, ಅಂತಿಮ ತೆರಿಗೆಯ ಪೈಕಿ ಮೂಲದಲ್ಲಿಯೇ ಕಡಿದುಕೊಳ್ಳುವ ಹಣ. ಕಡಿತವನ್ನು ಗಿರಾಕಿಯ ದಬ್ಬಾಳಿಕೆಯೆಂದು ಜಗಳಕ್ಕೆ ನಿಲ್ಲುವುದಕ್ಕಿಂತ, ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದದ ದರ ಅನ್ವಯವಾಗುವುದೇ ಎಂದು ವಿಚಾರಿಸಿ, ಕಡಿತದ ಪ್ರಮಾಣಪತ್ರವನ್ನು ತರಿಸಿಕೊಳ್ಳುವುದು ಜಾಣತನ. ಅದಿಲ್ಲದೆ ಇಲ್ಲಿ ವಿದೇಶಿ ತೆರಿಗೆಯ ರಿಯಾಯಿತಿ ಪಡೆಯುವುದು ಕಷ್ಟಸಾಧ್ಯ.

ಬ್ಯಾಂಕಿನಲ್ಲಿ, ಪಾಲುಗಾರಿಕೆಯಲ್ಲಿ

ಬ್ಯಾಂಕ್ ಖಾತೆಯೂ 'ಕ್ವೆಂತ'ವೇ. ಸ್ಪೇನಿನ ಖಾತೆ ಸಂಖ್ಯೆ 24 ಅಕ್ಷರ-ಅಂಕಿಗಳ ಐಬ್ಯಾನ್ ಆಗಿದ್ದು 'ಇಎಸ್' ಎಂದು ಆರಂಭವಾಗುತ್ತದೆ. ಮೆಕ್ಸಿಕೋದಲ್ಲಿ 18 ಅಂಕಿಗಳ ಕ್ಲಾಬೆ, ಅರ್ಜೆಂಟೀನಾದಲ್ಲಿ 22 ಅಂಕಿಗಳ ಸಿಬಿಯು. ಅಲ್ಲಿಂದ ಯಂತ್ರ ಅಥವಾ ಕಚ್ಚಾ ಮಾಲು ತರಿಸುವವರಿಗೆ 'ಕಾಂಬಿಯೊ ದೆ ಕ್ವೆಂತ', ಖಾತೆ ಬದಲಾವಣೆ, ಎಂಬ ಶೀರ್ಷಿಕೆಯ ಮಿಂಚಂಚೆ ಬಂದರೆ ಹಣ ಕಳುಹಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಮೊದಲಿನಿಂದ ಬಲ್ಲ ದೂರವಾಣಿಗೆ ಕರೆ ಮಾಡಿ ಖಚಿತಪಡಿಸಿಕೊಳ್ಳಬೇಕು. ಪತ್ರದಲ್ಲಿಯೇ ಕೊಟ್ಟಿರುವ ಹೊಸ ಸಂಖ್ಯೆಗೆ ಕರೆ ಮಾಡುವುದು ವಂಚಕನನ್ನೇ ಸಾಕ್ಷಿ ಕೇಳಿದಂತೆ. ಚೆಕ್ಕಿನ ಮೇಲೆ 'ಪಾರಾ ಅಬೊನಾರ್ ಎನ್ ಕ್ವೆಂತ' ಎಂದಿದ್ದರೆ ಅದನ್ನು ಖಾತೆಗೆ ಜಮಾ ಮಾಡಬಹುದೇ ಹೊರತು ನಗದೀಕರಿಸಲಾಗದು.

'ಕ್ವೆಂತಾಸ್ ಎನ್ ಪಾರ್ತಿಸಿಪಾಸಿಯೋನ್' ಎಂಬುದನ್ನು ಜಂಟಿ ಖಾತೆ ಎಂದು ತಿಳಿಯುವುದು ಸುಲಭ, ಮತ್ತು ತಪ್ಪು. ಸ್ಪೇನಿನ 1885ರ ವಾಣಿಜ್ಯ ಸಂಹಿತೆಯ 239ನೇ ವಿಧಿಯಿಂದ ಮುಂದೆ ವಿವರಿಸಿರುವ ಇದು ಒಂದು ಬಗೆಯ ಪಾಲುಗಾರಿಕೆ. ಒಬ್ಬ ವರ್ತಕನ ವ್ಯವಹಾರಕ್ಕೆ ಮತ್ತೊಬ್ಬನು ಬಂಡವಾಳ ಹಾಕಿ ಲಾಭ-ನಷ್ಟದಲ್ಲಿ ಪಾಲು ಪಡೆಯುತ್ತಾನೆ. ಹೊರಗಿನವರ ಪಾಲಿಗೆ ವ್ಯವಹಾರ ನಡೆಸುವ ವರ್ತಕನೊಬ್ಬನೇ ಕಾಣುತ್ತಾನೆ. ಕನ್ನಡದ ಗಾದೆಯನ್ನು ಹಿಂದುಮುಂದು ಮಾಡಿ ಹೇಳುವುದಾದರೆ, ಅಂಥ ಪಾಲುದಾರ ಲೆಕ್ಕಕ್ಕುಂಟು, ಆಟಕ್ಕಿಲ್ಲ. ಹಣ ಹಾಕುವವನು ಹೊರಗಿನ ಬಾಕಿದಾರರ ಮೇಲೆ ನೇರವಾಗಿ ದಾವೆ ಹೂಡಲು ಸಾಮಾನ್ಯವಾಗಿ ಬರುವುದಿಲ್ಲ ಎಂಬುದನ್ನು ಮೊದಲೇ ತಿಳಿದಿರಬೇಕು. ನಿಜವಾದ ಜಂಟಿ ಖಾತೆಯಲ್ಲಿ ಎಲ್ಲರ ಸಹಿ ಬೇಕಾದರೆ ಅದು 'ಮಾಂಕೊಮುನಾದಾ', ಯಾರೊಬ್ಬರ ಸಹಿ ಸಾಕಾದರೆ 'ಇಂದಿಸ್ತಿಂತಾ'.

ಊಟದ ಮೇಜಿನಲ್ಲಿ

ಪ್ರವಾಸ ಹೋದ ವರ್ತಕರಿಗೆ ಈ ಪದದ ಮೊದಲ ಪರಿಚಯವಾಗುವುದು ಹೋಟೆಲಿನಲ್ಲಿ. 'ಲಾ ಕ್ವೆಂತ, ಪೋರ್ ಫಾವೋರ್' ಎಂದರೆ ಬಿಲ್ಲು ಬರುತ್ತದೆ. ಆದರೆ ಕಂಪನಿಯ ಲೆಕ್ಕಕ್ಕೆ ಖರ್ಚು ಹಾಕಬೇಕಾದವರು 'ಫಾಕ್ತೂರಾ' ಎಂದು ಕೇಳಬೇಕು. 'ಕ್ವೆಂತ' ಬರಿಯ ಮೊತ್ತದ ಚೀಟಿ. 'ಫಾಕ್ತೂರಾ' ಎಂಬುದು ಕಂಪನಿಯ ಹೆಸರು, ವಿಳಾಸ, ತೆರಿಗೆ ವಿವರಗಳುಳ್ಳ ಕ್ರಮಬದ್ಧ ಸರಕುಪಟ್ಟಿ. ಜಿಎಸ್‌ಟಿ ಬಿಲ್ಲು ಕೇಳಿ ಪಡೆಯುವ ಅಭ್ಯಾಸವಿರುವವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಪ್ರವಾಸದ ಖರ್ಚಿನ ಪಟ್ಟಿ ತೀರಾ ಉದ್ದವಾದಾಗ ಸ್ಪೇನಿನವರು ಅದನ್ನು 'ಗ್ರಾನ್ ಕಾಪಿತಾನ್‌ನ ಕ್ವೆಂತಾಸ್' ಎಂದು ಹಾಸ್ಯ ಮಾಡುವುದುಂಟು. ಗ್ರಾನ್ ಕಾಪಿತಾನ್ ಎಂದು ಹೆಸರಾದ ಗೊನ್ಸಾಲೊ ಫೆರ್ನಾಂದೆಸ್ ದೆ ಕೊರ್ದೊಬಾ (1453–1515) ನೇಪಲ್ಸ್ ರಾಜ್ಯವನ್ನು ಗೆದ್ದುಕೊಟ್ಟ ಸೇನಾಪತಿ. ಯುದ್ಧದ ಖರ್ಚಿನ ಲೆಕ್ಕ ಒಪ್ಪಿಸೆಂದು ರಾಜ ಫೆರ್ನಾಂದೊ ಕೇಳಿದಾಗ, ಸಿಟ್ಟಿಗೆದ್ದ ಆತ ಗುದ್ದಲಿ ಸಲಿಕೆಗಳಿಗೇ ಕೋಟಿಗಟ್ಟಲೆ ಬರೆದ ಅಸಂಬದ್ಧ ಪಟ್ಟಿಯನ್ನು ಕೊಟ್ಟನೆಂದು ಐತಿಹ್ಯ. ವೋಚರುಗಳಿದ್ದವೇ ಎಂದು ಐತಿಹ್ಯ ಹೇಳುವುದಿಲ್ಲ.

ಈ ಪದದ ಬಳಗದಲ್ಲಿ ಲೆಕ್ಕಿಗನ ಹೆಸರೂ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಲ್ಯಾಟಿನ್ ಅಮೆರಿಕದ ಹಲವೆಡೆ ವೃತ್ತಿನಿರತ ಲೆಕ್ಕಪರಿಣತನು 'ಕೊಂತಾದೋರ್ ಪೂಬ್ಲಿಕೊ'. ಸ್ಪೇನಿನಲ್ಲಿ ಲೆಕ್ಕಿಗನು 'ಕೊಂತಾಬ್ಲೆ', ಲೆಕ್ಕಪರಿಶೋಧಕನು 'ಅವುದಿತೋರ್ ದೆ ಕ್ವೆಂತಾಸ್', ಭಾರತದ ಮಹಾಲೇಖಪಾಲರಂಥ ಸಂಸ್ಥೆ 'ತ್ರಿಬುನಾಲ್ ದೆ ಕ್ವೆಂತಾಸ್'. ಆದುದರಿಂದ ಮೆಕ್ಸಿಕೋ ಪ್ರವಾಸಕ್ಕೆಂದು 'ಕೊಂತಾದೋರ್' ಎಂದು ಮುದ್ರಿಸಿಕೊಂಡ ಭೇಟಿಚೀಟಿಯನ್ನು ಮ್ಯಾಡ್ರಿಡ್‌ನಲ್ಲಿ ಹಂಚುವ ಮುನ್ನ ಸ್ವಲ್ಪ ಯೋಚಿಸುವುದು ಒಳ್ಳೆಯದು; ಅಲ್ಲಿನವರಿಗೆ ಆ ಪದ ಕೇಳಿದೊಡನೆ ನೆನಪಾಗುವುದು ಗೋಡೆಯ ಮೇಲಿನ ವಿದ್ಯುತ್ ಮೀಟರು.